ನಡುಮೈದಾನದ ಕಾರ್ಲ್‌ಟನ್ ಚಾಪ್‌ಮನ್

ಕಾಲ್ಚೆಂಡಾಟವನ್ನು ನೋಡುವವರ ಕಣ್ಣು ಸಹಜವಾಗಿ ಗೋಲಿನ ಕಡೆಗೇ ಇರುತ್ತದೆ. ಗೋಲು ಹೊಡೆದವನ ಹೆಸರನ್ನು ಮರುದಿನ ಎಲ್ಲರೂ ಹೇಳುತ್ತಾರೆ. ಆ ಚೆಂಡು ಅವನ ಕಾಲಿಗೆ ಬಂದುದು ಎಲ್ಲಿಂದ ಎಂದು ಕೇಳುವವರು ವಿರಳ. ತಂಡದ ಹನ್ನೊಂದು ಮಂದಿಯಲ್ಲಿ ಒಬ್ಬನು ಗೋಲನ್ನು ಕಾಯುತ್ತಾನೆ. ಕೆಲವರು ಹಿಂದೆ ನಿಂತು ಎದುರಾಳಿಗಳನ್ನು ತಡೆಯುತ್ತಾರೆ. ಕೆಲವರು ಮುಂದೆ ನುಗ್ಗುತ್ತಾರೆ. ಈ ಎರಡು ಪಡೆಗಳ ನಡುವೆ ಆಡುವವನೇ ಮಿಡ್‌ಫೀಲ್ಡರ್, ಎಂದರೆ ನಡುಮೈದಾನದ ಆಟಗಾರ. ಎದುರಾಳಿಯಿಂದ ಚೆಂಡನ್ನು ಕಸಿಯುವುದು, ತನ್ನವರಲ್ಲಿ ಯಾರು ಎಲ್ಲಿದ್ದಾರೆಂಬುದನ್ನು ಕ್ಷಣಮಾತ್ರದಲ್ಲಿ ಅರಿಯುವುದು, ತಕ್ಕವನಿಗೆ ಚೆಂಡನ್ನು ತಲುಪಿಸುವುದು, ಇವು ಅವನ ಕರ್ತವ್ಯಗಳು. ಈ ಕರ್ತವ್ಯವನ್ನು ನಿಷ್ಠೆಯಿಂದ ನೆರವೇರಿಸಿ ಭಾರತ ತಂಡದ ನಾಯಕತ್ವಕ್ಕೇರಿದವರು ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್.

ಬೆಂಗಳೂರಿಗೆ ಈ ಆಟ ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಅನೇಕ ಆಟಗಾರರು ಬರಿಗಾಲಿನಲ್ಲಿಯೇ ಫ್ರಾನ್ಸಿನ ಎದುರು ಆಡಿದರು. ಭಾರತ 1–2ರಿಂದ ಸೋತಿತಾದರೂ, ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನರು ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಆಡಿ, ‘ಪಂಚ ಪಾಂಡವ’ರೆಂದು ಹೆಸರಾದ ಐವರಲ್ಲಿ ಒಬ್ಬರೆನಿಸಿದರು. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡವು 1946–47ರಿಂದ 1968–69ರವರೆಗೆ ನಾಲ್ಕು ಬಾರಿ ಗೆದ್ದಿತು.

ಇಂಥ ನಗರದಲ್ಲಿ 1971ರಲ್ಲಿ ಚಾಪ್‌ಮನ್ನರು ಜನಿಸಿದರು. ಬಾಲ್ಯದಲ್ಲಿ ಊರಿನಲ್ಲಿಯೇ ಆಟವನ್ನು ಕಲಿತು, 1990ರಲ್ಲಿ ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯನ್ನು ಸೇರಿದರು. ಮೂರು ವರ್ಷಗಳ ಕಠಿಣ ಶಿಕ್ಷಣದ ಬಳಿಕ, 1993ರಲ್ಲಿ, ಹಿಂದೆ ಅಹಮದ್ ಖಾನರು ಆಡಿದ್ದ ಈಸ್ಟ್ ಬೆಂಗಾಲ್ ಕ್ಲಬ್ಬೇ ಅವರನ್ನು ಬರಮಾಡಿಕೊಂಡಿತು.

ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯಾವಳಿಯಲ್ಲಿ ಇರಾಕಿನ ಅಲ್ ಜವ್ರಾ ತಂಡವು ಈಸ್ಟ್ ಬೆಂಗಾಲಿಗೆ ಎದುರಾಯಿತು. ಈಸ್ಟ್ ಬೆಂಗಾಲ್ 6–2ರಿಂದ ಗೆದ್ದಿತು. ಆರು ಗೋಲುಗಳಲ್ಲಿ ಮೂರನ್ನು ಹೊಡೆದವರು ಮುಂಪಡೆಯ ಆಟಗಾರರಲ್ಲ, ನಡುಮೈದಾನದ ಚಾಪ್‌ಮನ್! ಬೇಕಾದಾಗ ತಾವೂ ಗೋಲು ಹೊಡೆಯಬಲ್ಲರೆಂಬುದನ್ನು ಅವರು ಅಂದು ತೋರಿಸಿಕೊಟ್ಟರು. ಆದರೂ ಚೆಂಡನ್ನು ಇತರರಿಗೆ ಒದಗಿಸುವ ತಮ್ಮ ಸ್ಥಾನವನ್ನು ಅವರು ಬಿಡಲಿಲ್ಲ.

1995ರಲ್ಲಿ ಅವರು ಪಂಜಾಬಿನ ಜೆ.ಸಿ.ಟಿ. ತಂಡವನ್ನು ಸೇರಿದರು. ಅಲ್ಲಿ ಕೇರಳದ ಐ. ಎಂ. ವಿಜಯನ್, ಸಿಕ್ಕಿಮಿನ ಬೈಚುಂಗ್ ಭುಟಿಯಾ ಅವರ ಜೊತೆಗಾರರು. 1996–97ರಲ್ಲಿ ನಡೆದ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗನ್ನು ಜೆ.ಸಿ.ಟಿ. ಗೆದ್ದಿತು. ಮುಂದೆ ಭುಟಿಯಾ ಅವರಿಗೆ 2008ರಲ್ಲಿಯೂ ವಿಜಯನ್ ಅವರಿಗೆ 2025ರಲ್ಲಿಯೂ ಪದ್ಮಶ್ರೀ ಲಭಿಸಿತು. ಆ ಇಬ್ಬರ ಹೆಸರು ಮನೆಮಾತಾಯಿತು. ಅವರ ಬೆನ್ನ ಹಿಂದೆ ನಿಂತು ಚೆಂಡು ಒದಗಿಸಿದವರ ಹೆಸರು ಅಷ್ಟು ದೂರ ಹರಡಲಿಲ್ಲ. ಆದರೆ ಆಟವನ್ನು ಬಲ್ಲವರು ಅವರನ್ನು ಮರೆಯಲಿಲ್ಲ. 1997ರಲ್ಲಿ ದಕ್ಷಿಣ ಏಷ್ಯಾ ರಾಷ್ಟ್ರಗಳ ಪಂದ್ಯಾವಳಿಯನ್ನು ಭಾರತ ಗೆದ್ದಾಗ ತಂಡದ ನಾಯಕರು ಅವರೇ. ನಡುವೆ ಎಫ್.ಸಿ. ಕೊಚ್ಚಿನ್ ಪರವಾಗಿ ಆಡಿ, 1998ರಲ್ಲಿ ಈಸ್ಟ್ ಬೆಂಗಾಲಿಗೆ ಮರಳಿದರು. 2001ರಲ್ಲಿ ಆ ಕ್ಲಬ್ಬು ರಾಷ್ಟ್ರೀಯ ಲೀಗನ್ನು ಗೆದ್ದಿತು. ಅದೇ ವರ್ಷ ಅವರು ಆಟದಿಂದ ನಿವೃತ್ತರಾದರು.

ಆಟ ಮುಗಿದರೂ ಅವರ ಮೈದಾನದ ಬದುಕು ಮುಗಿಯಲಿಲ್ಲ. ನಡುಮೈದಾನದವನಿಗೆ ಆಟವೆಲ್ಲ ಒಟ್ಟಾಗಿ ಕಾಣುವುದರಿಂದ, ಅವನು ಒಳ್ಳೆಯ ಶಿಕ್ಷಕನಾಗುವುದು ಅಚ್ಚರಿಯಲ್ಲ. ಸ್ಪೇನಿನ ಪೆಪ್ ಗಾರ್ಡಿಯೋಲಾ ಬಾರ್ಸಿಲೋನಾ ತಂಡದ ನಡುಮೈದಾನದಲ್ಲಿ ಆಡಿ, 2008ರಲ್ಲಿ ಅದೇ ತಂಡದ ತರಬೇತುದಾರರಾಗಿ, 2009 ಮತ್ತು 2011ರಲ್ಲಿ ಅದನ್ನು ಯೂರೋಪಿನ ಚಾಂಪಿಯನ್ ಪಟ್ಟಕ್ಕೇರಿಸಿದರು. ಚಾಪ್‌ಮನ್ನರಿಗೆ ದೊರೆತುದು ಅಂಥ ಸಿರಿವಂತ ತಂಡಗಳಲ್ಲ. ತಮ್ಮನ್ನು ರೂಪಿಸಿದ ಟಾಟಾ ಅಕಾಡೆಮಿಗೆ ಮರಳಿ ಹುಡುಗರಿಗೆ ಕಲಿಸಿದರು. ಬಳಿಕ ಷಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ ತಂಡಕ್ಕೂ ಕೋಳಿಕೋಡಿನ ಕ್ವಾರ್ಟ್ಜ್ ತಂಡಕ್ಕೂ ತರಬೇತಿ ನೀಡಿದರು. ತಾವು ಪಡೆದುದನ್ನು ಮುಂದಿನವರ ಕಾಲಿಗೆ ಒಪ್ಪಿಸುವುದೇ ಅವರ ಪಾಲಿಗೆ ತರಬೇತಿಯಾಗಿತ್ತು.

2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ಅವರು ನಿಧನರಾದರು. ಆಗ ಅವರಿಗೆ ಕೇವಲ 49 ವರ್ಷ. ಕಲಿಸುವ ಕೆಲಸ ಇನ್ನೂ ಬಹಳ ಉಳಿದಿದ್ದ ವಯಸ್ಸು ಅದು.

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯ ಬಯಲಿನಲ್ಲಾಗಲಿ, ಬೆಂಗಳೂರಿನ ಕ್ರೀಡಾಂಗಣದಲ್ಲಾಗಲಿ, ಮಕ್ಕಳು ಚೆಂಡಾಡುವಾಗ ಪ್ರತಿಯೊಬ್ಬರಿಗೂ ತಾನೇ ಗೋಲು ಹೊಡೆಯಬೇಕೆಂಬ ಆಸೆ. ಆ ಆಸೆ ತಪ್ಪಲ್ಲ. ಆದರೆ ಎಲ್ಲರೂ ಗೋಲಿನೆದುರು ಗುಂಪುಗೂಡಿದರೆ ಚೆಂಡನ್ನು ಅಲ್ಲಿಗೆ ತರುವವರಾರು? ತನ್ನ ಕಾಲಿಗೆ ಸಿಕ್ಕ ಚೆಂಡನ್ನು ತನಗಿಂತ ಅನುಕೂಲವಾದ ಎಡೆಯಲ್ಲಿರುವ ಗೆಳೆಯನಿಗೆ ಕೊಡಲು ದೊಡ್ಡ ಮನಸ್ಸು ಬೇಕು. ಚಾಪ್‌ಮನ್ನರು ಆಟಗಾರರಾಗಿಯೂ ಗುರುವಾಗಿಯೂ ಬಾಳಿದ್ದು ಅಂಥ ಮನಸ್ಸಿನಿಂದ.