ಸಾಧನ ಬದಲಾದಾಗ

ತಂತ್ರಾಂಶವೊಂದರ ಬರವಣಿಗೆ ಅನೇಕ ಕಡತಗಳಲ್ಲಿ ಹಂಚಿಕೊಂಡಿರುತ್ತದೆ. ಅವುಗಳನ್ನು ಕ್ರಮವರಿತು ಜೋಡಿಸಿ ಬಳಕೆಗೆ ಸಿದ್ಧಗೊಳಿಸುವುದು ನಿರ್ಮಾಣ ಸಾಧನದ ಕಾರ್ಯ. 2000ದಲ್ಲಿ ಆರಂಭವಾದ ಸೀಮೇಕ್ ಅಂತಹದೊಂದು ಸಾಧನ. ತನಗೆ ಸೀಮೇಕ್‌ನ ಯಾವ ಆವೃತ್ತಿಯಾದರೂ ಬೇಕೆಂಬುದನ್ನು ಪ್ರತಿಯೊಂದು ಯೋಜನೆಯೂ ಆರಂಭದಲ್ಲೇ ನಮೂದಿಸುತ್ತದೆ. 3.5ಕ್ಕಿಂತ ಹಳೆಯದನ್ನು ನಮೂದಿಸಿದ್ದ ಯೋಜನೆಗಳಿಗೆ 2023ರಲ್ಲಿಯೇ ಎಚ್ಚರಿಕೆ ದೊರೆಯಿತು. 2025ರ ಮಾರ್ಚಿನಲ್ಲಿ ಬಂದ 4.0 ಆವೃತ್ತಿಯಾದರೋ ಅವುಗಳನ್ನು ನಿರಾಕರಿಸಿತು.

ಒಂದಕ್ಷರವೂ ಬದಲಾಗದಿದ್ದ ತಂತ್ರಾಂಶಗಳ ನಿರ್ಮಾಣವು ಹೀಗೆ ನಿಂತುಹೋಯಿತು. ಪಾಲಕರಿಲ್ಲದ ಹಳೆಯ ಯೋಜನೆಗಳಲ್ಲಿ ಎಚ್ಚರಿಕೆಯನ್ನು ಓದುವವರೇ ಇರಲಿಲ್ಲ. ಅವುಗಳನ್ನು ಆಶ್ರಯಿಸಿದ್ದ ಹೊಸ ಯೋಜನೆಗಳೂ ತೊಂದರೆಗೊಳಗಾದವು.

ಹಳೆಯ ಹೊರೆಯನ್ನೆಲ್ಲ ಹೊತ್ತು ನಡೆದರೆ ಸಾಧನ ಬೆಳೆಯದು, ನಿಜ. ಆದರೆ ದಾರಿಯನ್ನು ಬದಲಿಸುವವರು ಹಿಂದೆ ಬರುವವರನ್ನು ಮರೆಯಬಾರದು. ಅದಕ್ಕೆಂದೇ ಹಳೆಯ ಕಡತವನ್ನು ತಿದ್ದದೆಯೇ 3.5 ಎಂದು ಹೊರಗಿನಿಂದ ಸೂಚಿಸುವ ಉಪಾಯವನ್ನೂ 4.0 ಆವೃತ್ತಿಯಲ್ಲಿ ಒದಗಿಸಲಾಯಿತು.