ನಕ್ಷತ್ರಗಳ ಕಾಂತಿಯ ಏರಿಳಿತ ಮತ್ತು ಅದರ ವೀಕ್ಷಣೆ

ರೋಗಿಯ ಮಂಚದ ಬಳಿ ತೂಗುಹಾಕಿದ ಜ್ವರದ ಪಟ್ಟಿಯನ್ನು ಎಲ್ಲರೂ ಕಂಡಿರುತ್ತಾರೆ. ಒಂದು ಹೊತ್ತಿನ ತಾಪದಿಂದ ವೈದ್ಯರಿಗೆ ತಿಳಿಯುವುದು ಅಲ್ಪ. ಏರಿಳಿತದ ಗತಿಯಿಂದ ವ್ಯಾಧಿಯ ಸ್ವರೂಪ ಹೊರಬೀಳುತ್ತದೆ. ನಕ್ಷತ್ರಗಳ ವಿಷಯವೂ ಹೀಗೆಯೇ. ದಿನದಿನದ ಕಾಂತಿಯನ್ನು ಗುರುತಿಸಿ ಎಳೆದ ಗೆರೆಗೆ ‘ಕಾಂತಿರೇಖೆ’ ಎಂದು ಹೆಸರು.

ಅಳತೆಯ ಕ್ರಮ

ಕಾಂತಿಮಾನದ ಅಂಕ ಹೆಚ್ಚಿದಷ್ಟೂ ನಕ್ಷತ್ರವು ಮಂಕು. ಐದು ಅಂಕಗಳ ಅಂತರವೆಂದರೆ 100 ಪಟ್ಟು ವ್ಯತ್ಯಾಸ. ಒಂದು ಅಂಕಕ್ಕೆ ಸುಮಾರು 2.5 ಪಟ್ಟು. ಈ ಕ್ರಮವನ್ನು 1856ರಲ್ಲಿ ಸೂಚಿಸಿದ ನಾರ್ಮನ್ ಪಾಗ್ಸನ್ ಅವರು ಮುಂದೆ ಮದ್ರಾಸು ವೀಕ್ಷಣಾಲಯದ ಮುಖ್ಯಸ್ಥರಾದರು. ಅಲ್ಲಿ ಅವರ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿಯವರು ಕಾಂತಿ ಬದಲಿಸುವ ‘ಆರ್ ರೆಟಿಕ್ಯುಲೈ’ ನಕ್ಷತ್ರವನ್ನು ಕಂಡುಹಿಡಿದರು.

ಸೂಪರ್‌ನೋವಾ

ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ದ್ರವ್ಯರಾಶಿಯುಳ್ಳ ನಕ್ಷತ್ರವು ಇಂಧನ ತೀರಿದಾಗ ತನ್ನ ಗರ್ಭದಲ್ಲಿ ಕುಸಿದು ಸಿಡಿಯಬಹುದು. ಇಂತಹ ಕೆಲವು ಸ್ಫೋಟಗಳ ಕಾಂತಿಯು ಸುಮಾರು ನೂರು ದಿನ ಹೆಚ್ಚು ಬದಲಾಗದೆ ನಿಂತು ಬಳಿಕ ಇಳಿಯುತ್ತದೆ. ಶ್ವೇತಕುಬ್ಜ ನಕ್ಷತ್ರವು ಸಿಡಿದಾಗಲಾದರೋ ಕಾಂತಿಯು ಮೂರು ವಾರದೊಳಗೆ ಶಿಖರವನ್ನು ಮುಟ್ಟಿ ಕೂಡಲೇ ಇಳಿಯತೊಡಗುತ್ತದೆ. ನಿಧಾನವಾಗಿ ಇಳಿಯುವುದು ಹೆಚ್ಚು ಪ್ರಕಾಶವುಳ್ಳದ್ದು. ಆದುದರಿಂದ ಇಳಿತದ ವೇಗವನ್ನು ಅಳೆದು ದೂರವನ್ನು ಗಣಿಸಬಹುದು. ಈ ಮಾನದಂಡದಿಂದಲೇ ವಿಶ್ವದ ವಿಸ್ತರಣೆಯ ವೇಗ ಹೆಚ್ಚುತ್ತಿದೆಯೆಂದು 1998ರಲ್ಲಿ ಗೊತ್ತಾಯಿತು. ಮೊದಲ ಕೆಲವು ರಾತ್ರಿಗಳ ಅಳತೆ ತಪ್ಪಿದರೆ ಅದನ್ನು ಮತ್ತೆ ಪಡೆಯುವ ಉಪಾಯವಿಲ್ಲ.

ಕ್ಷ-ಕಿರಣ ನಕ್ಷತ್ರಗಳು

ಆಕಾಶದಿಂದ ಬರುವ ಕ್ಷ-ಕಿರಣಗಳನ್ನು ವಾಯುಮಂಡಲವು ಹೀರಿಬಿಡುತ್ತದೆ. ಆದುದರಿಂದ ಸೌರವ್ಯೂಹದ ಆಚೆಯ ಮೊದಲ ಕ್ಷ-ಕಿರಣ ಮೂಲವು ಪತ್ತೆಯಾದುದು 1962ರಲ್ಲಿ, ರಾಕೆಟ್ಟಿನ ಮೂಲಕ. ಇಂತಹ ಹಲವು ಜೋಡಿಗಳಲ್ಲಿ ಸಾಧಾರಣ ನಕ್ಷತ್ರದ ಅನಿಲವು ನ್ಯೂಟ್ರಾನ್ ನಕ್ಷತ್ರ ಇಲ್ಲವೆ ಕಪ್ಪುಕುಳಿಯ ಸುತ್ತ ಸುಳಿಯಾಗಿ ಬೀಳುತ್ತ, ಕೋಟಿಗಟ್ಟಲೆ ಡಿಗ್ರಿ ಕಾದು ಕ್ಷ-ಕಿರಣಗಳನ್ನು ಸೂಸುತ್ತದೆ.

ಉಡುಪಿಯ ಸಮೀಪದ ಅದಮಾರಿನವರಾದ ಯು. ಆರ್. ರಾಯರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಹಾರಿದ ‘ಆರ್ಯಭಟ’ದಲ್ಲಿ ಕ್ಷ-ಕಿರಣ ಪ್ರಯೋಗವೂ ಇತ್ತು. ವಿದ್ಯುತ್ ಪೂರೈಕೆಯ ದೋಷದಿಂದ ಕೆಲವೇ ದಿನಗಳಲ್ಲಿ ಅದು ನಿಂತಿತು. ಆ ಆಸೆಯು 2015ರ ಸೆಪ್ಟೆಂಬರ್ 28ರಂದು ಮೇಲೇರಿದ ‘ಆಸ್ಟ್ರೋಸ್ಯಾಟ್’ನಿಂದ ಈಡೇರಿತು. ಅದರ ಒಂದು ಕ್ಷ-ಕಿರಣ ಉಪಕರಣದ ಅಂಕಿಗಳನ್ನು ಸಂಸ್ಕರಿಸುವ ಹೊಣೆಯನ್ನು ಪುಣೆಯ ‘ಐಯುಕಾ’ ಸಂಸ್ಥೆ ಹೊತ್ತಿತು.

2015ರ ಜೂನ್‌ನಲ್ಲಿ ‘ವಿ404 ಸಿಗ್ನಿ’ ಎಂಬ ಜೋಡಿಯು 26 ವರ್ಷಗಳ ಮೌನದ ಬಳಿಕ ಉರಿದೆದ್ದಿತು. ಅಲ್ಲಿಯ ಕಪ್ಪುಕುಳಿಯ ಸುತ್ತಲಿನ ಬೆಳಕಿನ ಮಿನುಗು ಸಣ್ಣ ದೂರದರ್ಶಕಗಳಿಗೂ ಗೋಚರವಾಯಿತು. ಹಲವು ದೇಶಗಳ ಹವ್ಯಾಸಿಗಳ ಅಳತೆಗಳು ಸಂಶೋಧನೆಗೆ ಒದಗಿದವು.

ಪುಣೆಯ ಅನುಕೂಲ, ಅನನುಕೂಲ

ಜಪಾನಿನಲ್ಲಿ ಬೆಳಗಾಗಿ ಯೂರೋಪಿನಲ್ಲಿ ಇನ್ನೂ ಕತ್ತಲಾಗದಿರುವಾಗ ಭಾರತದಲ್ಲಿ ರಾತ್ರಿ. ಈ ನಡುವಣ ಕಾಂತಿಯನ್ನು ಇಲ್ಲಿಯವರು ಅಳೆಯದಿದ್ದರೆ ರೇಖೆಯಲ್ಲಿ ಬಿರುಕು ಉಳಿಯುತ್ತದೆ. ಪುಣೆ ಜಿಲ್ಲೆಯ ಗಿರವಲಿಯಲ್ಲಿ ಐಯುಕಾದ 2 ಮೀಟರ್ ದೂರದರ್ಶಕವು 2006ರಲ್ಲಿ ಉದ್ಘಾಟನೆಗೊಂಡಿತು. ಆದರೆ ಮಳೆಗಾಲದ ಮೋಡಗಳಿಗೆ ಯಾವ ದೊಡ್ಡ ಕನ್ನಡಿಯೂ ಮದ್ದಲ್ಲ. ರೇಡಿಯೋ ಅಲೆಗಳಿಗೆ ಈ ಅಡ್ಡಿಯಿಲ್ಲ: ನಾರಾಯಣಗಾಂವ್ ಸಮೀಪದ ಖೋಡದದಲ್ಲಿರುವ, ತಲಾ 45 ಮೀಟರ್ ವ್ಯಾಸದ 30 ಆಂಟೆನಾಗಳ ದೂರದರ್ಶಕವು ‘1993ಜೆ’ ಸೂಪರ್‌ನೋವಾವನ್ನು ಅದು ಸಿಡಿದು ವರ್ಷಗಳು ಕಳೆದ ಮೇಲೂ ಆಲಿಸಿತು.

ಗೃಹಸ್ಥರ ಅಭ್ಯಾಸ

ಪುಣೆಯಲ್ಲಿ ಜ್ಯೋತಿರ್ವಿದ್ಯಾ ಪರಿಸಂಸ್ಥೆಯು 1944ರಲ್ಲೇ ಹವ್ಯಾಸಿಗಳಿಗಾಗಿ ಆರಂಭವಾಯಿತು. ಅಭ್ಯಾಸ ಆರಂಭಿಸುವವರಿಗೆ ಆರ್ದ್ರಾ ನಕ್ಷತ್ರವು ತಕ್ಕ ವಸ್ತು. ಮುಂದೊಮ್ಮೆ ಸೂಪರ್‌ನೋವಾ ಆಗಲಿರುವ ಈ ಕೆಂಪು ತಾರೆಯ ಕಾಂತಿಮಾನ ಸಾಮಾನ್ಯವಾಗಿ 0.5ರ ಆಸುಪಾಸು; 2020ರ ಫೆಬ್ರವರಿಯಲ್ಲಿ ಅದು 1.6ರವರೆಗೆ ಮಂಕಾಗಿ ಬರಿಗಣ್ಣಿಗೂ ವ್ಯತ್ಯಾಸ ತಿಳಿಯಿತು. ನಕ್ಷತ್ರವೇ ಹೊರಚೆಲ್ಲಿದ ಅನಿಲದಿಂದಾದ ಧೂಳು ಅದನ್ನು ಮರೆಮಾಡಿತ್ತೆಂದು ಸಂಶೋಧಕರು ವಿವರಿಸಿದ್ದಾರೆ.

ಮೊದಲು ಅರ್ಧ ಗಂಟೆ ಕತ್ತಲಲ್ಲಿ ಕುಳಿತು ಕಣ್ಣನ್ನು ಹದಗೊಳಿಸಬೇಕು. ಅಕ್ಷಿಪಟಲದ ದಂಡಕೋಶಗಳು ಸೂಕ್ಷ್ಮವಾಗಲು ಅಷ್ಟು ಹೊತ್ತು ಬೇಕು. ಬರೆಯಲು ಮಂದವಾದ ಕೆಂಪು ದೀಪವಿರಲಿ. ಬಳಿಕ ಆರ್ದ್ರಾವನ್ನು ರೋಹಿಣಿಯೊಡನೆ (ಸುಮಾರು 0.9) ಹೋಲಿಸಬೇಕು. ಎರಡೂ ದಿಗಂತದಿಂದ ಚೆನ್ನಾಗಿ ಮೇಲಿರಬೇಕು. ಕೆಂಪು ತಾರೆಯನ್ನು ದಿಟ್ಟಿಸುತ್ತಿದ್ದರೆ ಅದು ಇರುವುದಕ್ಕಿಂತ ಪ್ರಕಾಶವಾಗಿ ತೋರುವುದರಿಂದ ಕ್ಷಣಮಾತ್ರ ನೋಡಿ ಕಣ್ಣು ತೆಗೆಯಬೇಕು. ದಿನಾಂಕ, ವೇಳೆ, ಆಕಾಶದ ಸ್ಥಿತಿಯನ್ನು ಒಡನೆಯೇ ಬರೆದಿಡಬೇಕು. ಹಿಂದಿನ ರಾತ್ರಿಯ ಅಂಕವನ್ನು ಮೊದಲೇ ನೋಡಬಾರದು. ನೋಡಿದರೆ ಮನಸ್ಸು ಅದನ್ನೇ ಮತ್ತೆ ಬರೆಯಿಸುತ್ತದೆ. ಸೂಪರ್‌ನೋವಾವನ್ನು ಅರಸುವವರು ಏನೂ ಕಾಣದಿದ್ದರೆ ‘ಇಷ್ಟು ಕಾಂತಿಮಾನದವರೆಗೆ ಕಾಣಲಿಲ್ಲ’ ಎಂದು ಬರೆಯಬೇಕು. ಮರುದಿನ ಅಲ್ಲಿ ಹೊಸ ತಾರೆ ತೋರಿದರೆ ಸ್ಫೋಟದ ವೇಳೆಯನ್ನು ನಿರ್ಣಯಿಸುವುದು ಆ ಸಾಲಿನಿಂದಲೇ.