ಐರಣಿಯ ಹೊಳೆದಂಡೆ

ವಿಹಾರವೆಂದರೆ ದೂರದ ಪ್ರಸಿದ್ಧ ಸ್ಥಳಗಳಿಗೆ ಹೋಗಿಬರುವುದೆಂಬ ಭಾವನೆ ಅನೇಕರಲ್ಲಿದೆ. ಹುಟ್ಟಿ ಬೆಳೆದ ನೆಲದ ಹೊಳೆ, ಕೋಟೆ, ಗುಡಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ನೋಡುವುದರಲ್ಲಿಯೂ ಅಷ್ಟೇ ಸಂತೋಷವುಂಟು. ಇತಿಹಾಸದ ಅರಿವು ಅದರೊಡನೆ ದೊರೆಯುವ ಲಾಭ. ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲ್ಲೂಕಿನ ಐರಣಿ ಇದಕ್ಕೆ ಒಳ್ಳೆಯ ನಿದರ್ಶನ.

ಪಶ್ಚಿಮ ಘಟ್ಟದಲ್ಲಿ ಹುಟ್ಟುವ ತುಂಗಾ ಮತ್ತು ಭದ್ರಾ ನದಿಗಳು ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಒಂದಾಗಿ ತುಂಗಭದ್ರೆ ಎನಿಸುತ್ತವೆ. ಹರಿಹರವನ್ನು ದಾಟಿ ಬರುವ ಈ ನದಿಯ ಎಡದಂಡೆಯ ಮೇಲೆ ಐರಣಿ ನೆಲೆಸಿದೆ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ದಡ ತುಂಬಿ ಹರಿಯುತ್ತದೆ. ಬೇಸಗೆಯಲ್ಲಿ ಮರಳು ಬಂಡೆಗಳ ನಡುವೆ ಸೊರಗುತ್ತದೆ. ಸೇತುವೆಗಳಿಲ್ಲದ ಕಾಲದಲ್ಲಿ ಜನರು ನೀರಿಳಿದಾಗ ನಡೆದೂ, ನೀರೇರಿದಾಗ ಹರಿಗೋಲಿನಲ್ಲಿಯೂ ಹೊಳೆ ದಾಟುತ್ತಿದ್ದರು. ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ದುಂಡನೆಯ ದೋಣಿಯೇ ಹರಿಗೋಲು. ದಾಟುವ ಎಡೆ ಯಾರ ಕೈಯಲ್ಲಿದ್ದಿತೋ ದಾರಿ ಅವರದಾಗುತ್ತಿದ್ದಿತು. ಹೊಳೆದಂಡೆಯ ಐರಣಿಯಲ್ಲಿ ಕೋಟೆಯೊಂದು ಇದ್ದುದರ ಮಹತ್ವ ಇದರಿಂದ ತಿಳಿಯುತ್ತದೆ.

ಟಿಪ್ಪು ಸುಲ್ತಾನನ ಮರಣಾನಂತರ ದೋಂಡಿಯಾ ವಾಘನು ಈ ಸೀಮೆಯಲ್ಲಿ ಬಲಗೊಂಡು ಇಂಗ್ಲಿಷರನ್ನು ಎದುರಿಸಿದನು. 1800ರ ಜೂನ್ ತಿಂಗಳಿನಲ್ಲಿ ಕರ್ನಲ್ ವೆಲ್ಲೆಸ್ಲಿಯು ಅವನನ್ನು ಬೆನ್ನಟ್ಟಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ, ರಾಣೇಬೆನ್ನೂರಿನ ಕೋಟೆಯನ್ನು ವಶಪಡಿಸಿಕೊಂಡನು. ಆ ವರ್ಷದ ಸೆಪ್ಟೆಂಬರ್ 10ರಂದು ದೋಂಡಿಯಾ ಹೋರಾಡುತ್ತ ಮಡಿದನು. ಮುಂದೆ 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾನಿ ಈ ವೆಲ್ಲೆಸ್ಲಿಯೇ.

ಈ ನದಿ ಆಡಳಿತಗಳನ್ನೂ ಬೇರ್ಪಡಿಸಿತ್ತು. ಹರಿಹರ ಮೈಸೂರು ಸಂಸ್ಥಾನದಲ್ಲಿದ್ದರೆ, ಐರಣಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಎರಡೂ ಕಡೆ ಆಡುವ ನುಡಿ ಕನ್ನಡವೇ. ಆಳುವ ಕಚೇರಿಗಳು ಮಾತ್ರ ಬೇರೆ. 1956ರ ನವೆಂಬರ್ 1ರಂದು ಇವು ಒಂದೇ ರಾಜ್ಯದಲ್ಲಿ ಕೂಡಿದವು. ಹಾವೇರಿ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ.

ಹೊಳೆದಂಡೆಯ ವಿಹಾರ ಈ ಸೀಮೆಗೆ ಹೊಸದಲ್ಲ. ಸಂಕ್ರಾಂತಿಯಂದು ಜನರು ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗಿ, ಮಿಂದು, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆಗಳನ್ನು ಹಂಚಿಕೊಂಡು ಉಣ್ಣುತ್ತಾರೆ. ಇದೇ ತಾಲ್ಲೂಕಿನ ಚೌಡದಾನಪುರದಲ್ಲಿ ಗುತ್ತಲದ ಗುತ್ತರಸರ ಕಾಲವನ್ನು ನೆನಪಿಸುವ ಮುಕ್ತೇಶ್ವರ ದೇವಾಲಯವೂ ತುಂಗಭದ್ರೆಯ ದಂಡೆಯಲ್ಲಿಯೇ ಇದೆ.

ಆದರೆ ಇಂಥ ಸಂತೋಷ ತಾನಾಗಿ ಉಳಿಯುವುದಿಲ್ಲ. ಮಿತಿಮೀರಿ ಮರಳು ತೆಗೆದೆಡೆ ಹೊಳೆಯೊಳಗೆ ಗುಂಡಿಗಳಾಗುತ್ತವೆ. ಅವು ಮೇಲಿನಿಂದ ಕಾಣದೆ ಈಜುಬಲ್ಲವರನ್ನೂ ಬಲಿ ತೆಗೆದುಕೊಳ್ಳಬಲ್ಲವು. 1980ರ ದಶಕದಲ್ಲಿ ಕಾರ್ಖಾನೆಯ ಕಲ್ಮಷದ ವಿರುದ್ಧ ಈ ಭಾಗದ ನದಿತೀರದ ಜನರು ಹೋರಾಟ ಹೂಡಬೇಕಾಯಿತು. ಹಳೆಯ ಕೋಟೆಯ ಒಂದು ಕಲ್ಲನ್ನು ಕಿತ್ತರೆ ಮಳೆಯ ನೀರು ಗೋಡೆಯೊಳಗೆ ಇಳಿದು ನೆರೆಯ ಕಲ್ಲುಗಳೂ ಸಡಿಲಗೊಳ್ಳುತ್ತವೆ. ಹೀಗೆ ನಾಶವಾದುದನ್ನು ಮರಳಿ ಪಡೆಯಲಾಗದು.

ಆದುದರಿಂದ ಹೊಳೆಗೆ ಹೋಗುವ ವಿದ್ಯಾರ್ಥಿಗಳು ನೀರಿನ ಆಳ ಬಲ್ಲವರ ಮಾತು ಕೇಳಬೇಕು. ಉಂಡ ಎಡೆಯನ್ನು ಚೊಕ್ಕಟಗೊಳಿಸಬೇಕು. ಕೋಟೆಯ ಕಲ್ಲಿನ ಮೇಲೆ ಹೆಸರು ಗೀಚಬಾರದು. ಹರಿಗೋಲು ಎಲ್ಲಿ ನಿಲ್ಲುತ್ತಿತ್ತು, ನೆರೆಯ ನೀರು ಯಾವ ಮನೆಯ ಮೆಟ್ಟಿಲು ಮುಟ್ಟಿತ್ತು ಎಂಬುದನ್ನು ಊರಿನ ಹಿರಿಯರು ಬಲ್ಲರು. ಅವರನ್ನು ಕೇಳಿ ಬರೆದಿಡುವುದು ಎಳೆಯರ ಕೆಲಸ. ಊರಿನ ಚರಿತ್ರೆಗೆ ಇಂಥ ಬರಹವೂ ಒಂದು ಆಧಾರ.